ಬದುವಿನ ವ್ಯಾಜ್ಯ: ಒಂದು ವಿಚಾರ

ಸ್ಮರಣ ಸಂಪುಟಕ್ಕೊಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ನಾಲ್ಕು ಮಾತು ಬಂದೀತೆಂದು ಅವರು ನಿರೀಕ್ಷಿಸಿದ್ದರೆ ಅದು ಸಹಜವೇ. ಕನ್ನಡ ಪಂಡಿತನಾದವನು ಹೊಲದ ಬದುವಿನ ಜಗಳವನ್ನು ಎತ್ತಿಕೊಂಡು ಕುಳಿತರೆ, ಇವನಿಗೇತಕ್ಕೆ ಈ ಕುಲಕರ್ಣಿಕೆ ಎಂದು ವಾಚಕರಲ್ಲಿ ಕೆಲವರಾದರೂ ನಗದಿರಲಾರರು. ಆದರೆ ಈ ಶಾಲೆಗೆ ಬರುವ ಮಕ್ಕಳಲ್ಲಿ ಬಹುಪಾಲು ಒಕ್ಕಲುಮನೆಯವರು. ಪಟ್ಟಣ ಸೇರಿದ ಹಳೆಯ ವಿದ್ಯಾರ್ಥಿಗಳಿಗೂ ಊರಲ್ಲಿ ತುಂಡು ಹೊಲವುಂಟು. ದಾನಿಗಳಲ್ಲಿ ಅನೇಕರು ಭೂಮಿಯನ್ನೇ ಕೊಟ್ಟ ಮಹನೀಯರು. ಅಕ್ಕಪಕ್ಕದ ಹೊಲದವರ ಮಕ್ಕಳಿಬ್ಬರು ಪ್ರಸಾದನಿಲಯದ ಒಂದೇ ಪಂಕ್ತಿಯಲ್ಲಿ ಕುಳಿತುಣ್ಣಲು ಹಿಂದೆಗೆದುದನ್ನೂ, ಕಾರಣ ಕೇಳಿದರೆ 'ನಮ್ಮಪ್ಪ ಮಾತಾಡಬ್ಯಾಡ ಅಂದಾನ್ರಿ' ಎಂದು ತಲೆ ತಗ್ಗಿಸಿದುದನ್ನೂ ಕಂಡ ಶಿಕ್ಷಕ ಬಂಧುಗಳು ನಮ್ಮಲ್ಲಿದ್ದಾರೆ. ಹೊಲದ ಜಗಳವು ಶಾಲೆಯ ಹೊಸ್ತಿಲನ್ನು ಎಂದೋ ದಾಟಿ ಒಳಗೆ ಬಂದಿದೆ.

ನಾನು ಹೇಳಹೊರಟಿರುವುದು ಇಷ್ಟೆ. ಬದುವಿನ ವ್ಯಾಜ್ಯಗಳನ್ನು ನಾವು ದುರಾಸೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ನನ್ನ ಅನುಭವದ ಮಟ್ಟಿಗೆ ಅವುಗಳಲ್ಲಿ ಹೆಚ್ಚಿನವು ಅಳೆಯದೆ ಹಂಚಿಕೊಂಡುದರಿಂದಲೂ, ತಮ್ಮ ಹೊಲದ ಕಾಗದವನ್ನು ತಾವೇ ಓದಲಾರದುದರಿಂದಲೂ ಹುಟ್ಟುತ್ತವೆ. ದುರಾಸೆ ಆಮೇಲೆ ಬಂದು ಸೇರಿಕೊಳ್ಳುತ್ತದೆ. ದುರಾಸೆಗೆ ಶಾಲೆಯಲ್ಲಿ ಮದ್ದಿದೆಯೋ ಇಲ್ಲವೋ ನಾನರಿಯೆ. ಓದಲಾರದುದಕ್ಕಂತೂ ಇದ್ದೇ ಇದೆ.

ಮೊದಲು ಶಬ್ದಗಳನ್ನು ನೋಡೋಣ; ಅದು ನನ್ನ ಕಸುಬಿನ ಚಪಲ. ಎಲ್ಲೆ, ಮೇರೆ, ಗಡಿ ಎಂಬ ಮಾತುಗಳು ನಮ್ಮಲ್ಲಿ ಬಹುಕಾಲದಿಂದ ಇವೆ. 'ಎಲ್ಲೆ'ಗೆ ತಮಿಳಿನ 'ಎಲ್ಲೈ' ಒಡಹುಟ್ಟು. 'ಸೀಮೆ' ಸಂಸ್ಕೃತದ್ದು. 'ಹದ್ದು', 'ಸರಹದ್ದು' ಅರಬ್ಬೀ ಮೂಲದವಾಗಿ ಪಾರಸಿಯ ದಾರಿಯಿಂದ ದಫ್ತರಗಳಿಗೆ ಬಂದು, ಅಲ್ಲಿಂದ ಹೊಲಕ್ಕಿಳಿದವು. ಇಂದಿಗೂ ಹೊಲದ ಗಡಿಯನ್ನು ಅಳೆದು ತೋರಿಸಿರೆಂದು ಸರಕಾರಕ್ಕೆ ಕೊಡುವ ಅರ್ಜಿಯ ಹೆಸರು 'ಹದ್ದುಬಸ್ತು'. ಇಷ್ಟು ಮೂಲಗಳಿಂದ ಬಂದ ಮಾತುಗಳನ್ನು ಕನ್ನಡವು ಒಂದೇ ರೀತಿಯಲ್ಲಿ ಬಳಸಿಕೊಂಡಿರುವುದನ್ನು ಗಮನಿಸಬೇಕು. ಎಲ್ಲೆ ಮೀರಿದ, ಮೇರೆ ತಪ್ಪಿದ, ಹದ್ದು ಮೀರಿದ ಎಂದರೆ ನಡತೆಗೆಟ್ಟ ಎಂದೇ ಅರ್ಥ. ಒಕ್ಕಲಿಗರ ಭಾಷೆಯಲ್ಲಿ ಹೊಲದ ಗೆರೆಯೇ ಶೀಲದ ಗೆರೆಯೂ ಆಯಿತು. ('ಸೀಮೆ'ಯೊಂದು ಮಾತ್ರ ದಾರಿ ತಪ್ಪಿ ಪರದೇಶವೆಂಬ ಅರ್ಥವನ್ನೂ ಪಡೆದು, ಸೀಮೆಸುಣ್ಣವಾಗಿ ಉಪಾಧ್ಯಾಯರ ಕೈಗೆ ಬಂದಿತು.)

ನಮ್ಮ ಶಾಸನಗಳನ್ನು ಓದಿದವರಿಗೆ ಗೊತ್ತು: ದಾನಕೊಟ್ಟ ಅರಸನ ಬಿರುದುಗಳು ಮುಗಿದ ಮೇಲೆ, ಕೊಟ್ಟ ಭೂಮಿಯ ಎಲ್ಲೆಯ ವಿವರ ಎಂಥ ಶ್ರದ್ಧೆಯಿಂದ ಬರುತ್ತದೆ! ಮತ್ತರು, ಕಮ್ಮಗಳ ಲೆಕ್ಕ, ಅಳೆದ ಕೋಲಿನ ಹೆಸರು, ಮೂಡಲು ಹಳ್ಳ, ತೆಂಕಲು ಹುಣಿಸೆ, ಪಡುವಲು ಬಟ್ಟೆ, ಬಡಗಲು ನಟ್ಟ ಕಲ್ಲು ಎಂಬ ಚತುಸ್ಸೀಮೆ. ಶಿವಾಲಯಕ್ಕೂ ಮಠಕ್ಕೂ ಬಿಟ್ಟ ಭೂಮಿಯ ಮೂಲೆಯಲ್ಲಿ ಲಿಂಗಮುದ್ರೆಯ ಕಲ್ಲು, ವೈಷ್ಣವ ದೇಗುಲದ್ದಾದರೆ ವಾಮನಮುದ್ರೆ, ಬಸದಿಯದಾದರೆ ಮುಕ್ಕೊಡೆಯ ಕಲ್ಲು. ಅಕ್ಷರ ಬಾರದ ನೇಗಿಲಯೋಗಿಯೂ ಆ ಚಿಹ್ನೆಯನ್ನು ಕಂಡು ಎತ್ತನ್ನು ತಿರುಗಿಸಲಿ ಎಂಬುದು ಅದರ ಉದ್ದೇಶ. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುವನೆಂಬ ಶಾಪವು ಕಟ್ಟಕಡೆಗೆ ಬರುವಂಥದು. ಶಾಪವನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಅದಕ್ಕೆ ಮೊದಲು ಅಳತೆ ಇದೆ, ಸಾಕ್ಷಿಯಿದೆ, ಕಲ್ಲು ಇದೆ ಎಂಬುದನ್ನು ಮರೆತಿದ್ದಾರೆ. ಇಷ್ಟೆಲ್ಲ ಇದ್ದೂ ಊರೂರ ನಡುವೆ ಗಡಿಯ ಕಾಳಗಗಳು ನಡೆದುವೆಂಬುದಕ್ಕೆ ನಮ್ಮ ವೀರಗಲ್ಲುಗಳೇ ಸಾಕ್ಷಿ. ಪೂರ್ವಿಕರು ದೇವತೆಗಳಾಗಿದ್ದರೆಂದು ನಾನು ಹೇಳುತ್ತಿಲ್ಲ.

ಈ ವಿಷಯದಲ್ಲಿ ನಮ್ಮ ನಾಡಿಗೊಂದು ವಿಶೇಷ ಹಕ್ಕಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು, ಅಣ್ಣತಮ್ಮಂದಿರ ಪಾಲಿನ ಪ್ರಶ್ನೆ ಬಂದಾಗ ಭಾರತದ ಬಹುಭಾಗದ ನ್ಯಾಯಾಲಯಗಳು ಪ್ರಮಾಣವೆಂದು ಎತ್ತಿಕೊಂಡವು. ಅದೇ ಗ್ರಂಥದಲ್ಲಿ ಸೀಮಾವಿವಾದಕ್ಕೊಂದು ಪ್ರಕರಣವಿರುವುದನ್ನು ವಕೀಲರೂ ಅಷ್ಟಾಗಿ ಓದುವುದಿಲ್ಲ. ನಾಡಿನ ಗಡಿ, ಊರಿನ ಗಡಿ, ಹೊಲದ ಗಡಿ, ಮನೆಯ ಗಡಿ ಎಂದು ಸೀಮೆಯು ನಾಲ್ಕು ತೆರ. ಅದನ್ನು ಗುರುತಿಸುವ ಬಗೆ ಐದು. ಧ್ವಜದಂತೆ ದೂರದಿಂದ ಕಾಣುವ ಮರಗಳಿಂದ ತಿಳಿಯುವುದು ಧ್ವಜಿನೀ. ಮೀನಿರುವ ಹಳ್ಳ ಕೆರೆಗಳಿಂದ ತಿಳಿಯುವುದು ಮತ್ಸ್ಯಿನೀ. ನೆಲದಲ್ಲಿ ಹೂತಿಟ್ಟ ಹೊಟ್ಟು, ಇದ್ದಿಲುಗಳಿಂದ ತಿಳಿಯುವುದು ನೈಧಾನೀ. ಇಬ್ಬರೂ ಕೂಡಿ ಒಪ್ಪಿ ನಿಲ್ಲಿಸಿದ್ದು ಭಯವರ್ಜಿತಾ. ಗುರುತೂ ಇಲ್ಲದೆ ತಿಳಿದವರೂ ಇಲ್ಲದೆ ಹೋದಾಗ ಅರಸನು ತನ್ನ ಇಚ್ಛೆಯಂತೆ ವಿಧಿಸುವುದು ರಾಜಶಾಸನನೀತಾ.

ಇಬ್ಬರು ಒಪ್ಪಿದ ಗಡಿಗೆ 'ಭಯವಿಲ್ಲದ್ದು' ಎಂದು ಹೆಸರಿಟ್ಟವರು ಹಳ್ಳಿಯನ್ನು ಬಲ್ಲವರು. ಒಪ್ಪಿಗೆಯಿಲ್ಲದ ಬದುವಿನ ಮೇಲೆ ಕತ್ತಲಲ್ಲಿ ನೀರು ಕಟ್ಟಲು ಹೋದ ಮಗನು ತಿರುಗಿ ಬರುವವರೆಗೆ ತಾಯಿಗೆ ನಿದ್ರೆಯಿಲ್ಲ. ಕುಡಗೋಲು, ಕೊಡಲಿ ಹೊಲದಲ್ಲಿ ಯಾವಾಗಲೂ ಕೈಯಲ್ಲಿರುವ ವಸ್ತುಗಳೇ ಆಗಿರುವುದರಿಂದ, ಮಾತಿಗೆ ಮಾತು ಬೆಳೆದಾಗ ಅವನ್ನು ತರಲು ಮನೆಗೆ ಹೋಗಬೇಕಾಗಿಲ್ಲ.

ಮನುಸ್ಮೃತಿಯು ಸೀಮಾನಿರ್ಣಯವನ್ನು ಜ್ಯೇಷ್ಠಮಾಸದಲ್ಲಿ ಮಾಡಬೇಕೆನ್ನುತ್ತದೆ. ಹುಲ್ಲು ಒಣಗಿ ಗುರುತುಗಳು ಸ್ಪಷ್ಟವಾಗಿ ಕಾಣುವ ಕಾಲವದು. ಉತ್ತರದೇಶಕ್ಕೆ ಅದು ಸರಿ. ನಮ್ಮಲ್ಲಿ ಜ್ಯೇಷ್ಠವೆಂದರೆ ಮಿರಗದ ಮಳೆ, ಕಾರಹುಣ್ಣಿಮೆ. ಆಗ ರೈತನನ್ನು ಅಳತೆಗೆ ಕರೆದರೆ ಅವನು ಸ್ಮೃತಿಕಾರನನ್ನೂ ಬಿಡದೆ ಬೈದಾನು! ಚೈತ್ರ ವೈಶಾಖಗಳೇ ನಮಗೆ ತಕ್ಕವು. ಸಾಕ್ಷಿಗಳಾಗಿ ಅಕ್ಕಪಕ್ಕದ ಹೊಲದವರು, ಅವರಿಲ್ಲವಾದರೆ ದನಕಾಯುವವರು, ಬೇಡರು, ಬೇರು ಗಡ್ಡೆ ಅಗೆಯುವವರು ಎಂದು ಹೇಳಿರುವುದು ಬಹಳ ಮಾರ್ಮಿಕವಾಗಿದೆ. ಭೂಮಿಯ ಒಡೆತನವಿಲ್ಲದವನೇ ಭೂಮಿಯ ಗೆರೆಯನ್ನು ನಿಷ್ಪಕ್ಷಪಾತವಾಗಿ ಬಲ್ಲನೆಂಬ ಸತ್ಯ ಅದರಲ್ಲಡಗಿದೆ.

ಇನ್ನು ಈಚಿನ ಕಾಲಕ್ಕೆ ಬರೋಣ. ಮುಂಬಯಿ ಇಲಾಖೆಯಲ್ಲಿ 1835ರಿಂದ ಗೋಲ್ಡ್‌ಸ್ಮಿಡ್, ವಿಂಗೇಟರು ರೂಪಿಸಿದ ಸರ್ವೆ ಪದ್ಧತಿ 1840ರ ದಶಕದಲ್ಲಿ ಧಾರವಾಡ ಪ್ರಾಂತಕ್ಕೂ ಬಂದಿತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಸರ್ವೆ ಇಲಾಖೆ ಆರಂಭವಾಯಿತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಸರಪಳಿಯುದ್ದ ಸರಪಳಿಯಗಲದ ನೆಲವೇ ಒಂದು ಗುಂಟೆ, ಎಂದರೆ 1,089 ಚದರಡಿ; 40 ಗುಂಟೆಗೆ ಒಂದು ಎಕರೆ. ಸರ್ವೆ ನಂಬರಿನ ಮೂಲೆಗಳಲ್ಲಿ ಕಲ್ಲು ನೆಟ್ಟು, ಅಳತೆಯ ಸಾಲುಗಳನ್ನು ಟಿಪ್ಪಣಿಯಲ್ಲಿ ಬರೆದು, ಕ್ಷೇತ್ರವನ್ನೂ ಆಕಾರವನ್ನೂ ಆಕಾರಬಂದಿನಲ್ಲಿ ನಮೂದಿಸಿ, ಊರಿಗೊಂದು ನಕಾಶೆ ಮಾಡಿದರು. ಪರಕೀಯರು ಕಂದಾಯಕ್ಕಾಗಿ ಮಾಡಿದ ಕೆಲಸವೆಂಬುದು ನಿಜ. ಆದರೂ ಕೆಲಸ ಕೆಲಸವೇ. ಇಂದಿಗೂ ನಮ್ಮ ಹೊಲಗಳ ಅಳತೆಗೆ ಆಧಾರ ಆ ಹಳೆಯ ಟಿಪ್ಪಣಿಯೇ.

ತೊಡಕು ಬಂದದ್ದು ನಂಬರಿನ ಒಳಗೆ. ಸರ್ವೆ ನಂಬರಿನ ಹೊರಗಡಿಗೆ ಕಲ್ಲಿದೆ, ಟಿಪ್ಪಣಿಯಿದೆ. ಒಳಗೆ ಅಣ್ಣತಮ್ಮಂದಿರು ಮಾಡಿಕೊಂಡ ಪಾಲಿಗೆ ಎಷ್ಟೋ ಕಡೆ ಏನೂ ಇಲ್ಲ. ಹಿರಿಯರು ಹೆಜ್ಜೆ ಹಾಕಿ, ಇಲ್ಲವೆ ಹಗ್ಗ ಹಿಡಿದು, 'ಈ ಬೇವಿನಗಿಡದಿಂದ ಆ ಬಂಡೆಗಲ್ಲಿಗೆ' ಎಂದು ಗೆರೆ ಎಳೆದರು. ಬೇವಿನಗಿಡ ಒಣಗಿತು, ಬಂಡೆಗಲ್ಲು ಯಾರದೋ ಮನೆಯ ಬುನಾದಿಗೆ ಹೋಯಿತು, ಹಿರಿಯರು ಲಿಂಗೈಕ್ಯರಾದರು. ಕಾಗದದಲ್ಲಿ ಪೋಡಿಯಾಗಲಿಲ್ಲ, ಒಂದೇ ಪಹಣಿಯಲ್ಲಿ ಐದಾರು ಹೆಸರು ಸಾಲಾಗಿ ಕುಳಿತವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವರು ಒಡೆಯರಾದರು. ಅದು ಈ ನಾಡಿನ ಹಿರಿಯ ಕಾರ್ಯಗಳಲ್ಲೊಂದು. ಆದರೆ ಒಂದೇ ನಂಬರಿನಲ್ಲಿ ಹಲವರಿಗೆ ಭೂಮಿ ದೊರೆತ ಕಡೆಗಳಲ್ಲಿ ಎಷ್ಟೋ ತುಂಡುಗಳು ಅಳತೆಯಾಗದೆ ಉಳಿದವು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕವು 1994ರಲ್ಲಿಯೂ, ಇಡೀ ದೇಶವು 2005ರಲ್ಲಿಯೂ ವಿಧಿಸಿತು. ಅಕ್ಕತಂಗಿಯರನ್ನು ಬಿಟ್ಟು ಮಾಡಿಕೊಂಡ ಪಾಲುಗಳು ಮತ್ತೆ ಎದ್ದು ಕುಳಿತರೆ ಅದಕ್ಕೆ ಅಕ್ಕತಂಗಿಯರನ್ನು ದೂರುವುದು ಅನ್ಯಾಯ.

ಒಂದು ಲೆಕ್ಕವನ್ನು ವಾಚಕರ ಮುಂದಿಡುತ್ತೇನೆ. ಗಣಿತದ ಉಪಾಧ್ಯಾಯರು ತಿದ್ದಿಕೊಳ್ಳಲಿ. 330 ಅಡಿ ಅಗಲ, 528 ಅಡಿ ಉದ್ದದ ಹೊಲವೆಂದರೆ ಸರಿಯಾಗಿ 4 ಎಕರೆ. ಮೂವರು ಮಕ್ಕಳು ಉದ್ದುದ್ದ ಸೀಳಿಕೊಂಡರೆ ತಲೆಗೆ 110 ಅಡಿ ಅಗಲದ ಪಟ್ಟಿ. ಅವರಿಗೆ ಮೂವರು ಮೂವರು ಮಕ್ಕಳಾಗಿ ಮತ್ತೆ ಸೀಳಿದರೆ 36 ಅಡಿ 8 ಅಂಗುಲ. ಒಳಗೆ 8 ಬದು ಬೇಕು. ಬದುವೊಂದಕ್ಕೆ 3 ಅಡಿ ಬಿಟ್ಟರೂ 11 ಗುಂಟೆಗಿಂತ ಹೆಚ್ಚು ನೆಲ ಬದುವಿಗೇ ಹೋಗುತ್ತದೆ. ಒಬ್ಬೊಬ್ಬ ಮೊಮ್ಮಗನ ಪಾಲೋ, ಬದುವನ್ನು ಕಳೆಯದೆ ಎಣಿಸಿದರೂ, 18 ಗುಂಟೆ ತುಂಬುವುದಿಲ್ಲ. ಇಂಥ ಪಟ್ಟಿಯ ಮಗ್ಗುಲಲ್ಲಿ ನೆರೆಯವನ ರಂಟೆಯೋ ಟ್ರ್ಯಾಕ್ಟರೋ ವರ್ಷಕ್ಕೆ ನಾಲ್ಕೇ ಬೆರಳು, ಎಂದರೆ 3 ಅಂಗುಲ, ಸರಿಯಿತೆನ್ನಿ. 12 ವರ್ಷಕ್ಕೆ 3 ಅಡಿ. ಉದ್ದಕ್ಕೂ ಎಣಿಸಿದರೆ ಸುಮಾರು ಒಂದೂವರೆ ಗುಂಟೆ. ದೊಡ್ಡ ಹಿಡುವಳಿಯವನಿಗೆ ಅದು ಲೆಕ್ಕವಲ್ಲ. ಈ ಮೊಮ್ಮಗನಿಗೆ ಪಾಲಿನ ಹನ್ನೆರಡರಲ್ಲೊಂದು ಭಾಗ. ಪಟ್ಟಣದಲ್ಲಿ ಸಂಬಳ ಎಣಿಸುವ ನಮ್ಮ ಹಳೆಯ ವಿದ್ಯಾರ್ಥಿಗಳು 'ಗೇಣು ನೆಲಕ್ಕೆ ಬಡಿದಾಡುತ್ತಾರೆ' ಎಂದು ನಗುವುದನ್ನು ಕೇಳಿದ್ದೇನೆ. ತಮ್ಮ ಸಂಬಳದಲ್ಲಿ ಹನ್ನೆರಡರಲ್ಲೊಂದು ಪಾಲನ್ನು ಪಕ್ಕದ ಮೇಜಿನವನು ಪ್ರತಿ ತಿಂಗಳೂ ಒಯ್ದರೆ ಅವರು ನಗುತ್ತಿದ್ದರೇ?

ಇದಕ್ಕೆ ಅರ್ಧಜ್ಞಾನವೊಂದು ತುಪ್ಪ ಸುರಿಯುತ್ತದೆ. ಹನ್ನೆರಡು ವರ್ಷ ಸುಮ್ಮನಿದ್ದರೆ ನೆಲ ಹೋಯಿತು ಎಂಬ ಮಾತು ಊರೂರಲ್ಲಿ ಹಬ್ಬಿದೆ. 1963ರ ಕಾಲಮಿತಿ ಅಧಿನಿಯಮದಲ್ಲಿ ಸ್ವಾಧೀನದ ದಾವೆಗೆ 12 ವರ್ಷದ ಅವಧಿಯಿರುವುದು ನಿಜ. ಆದರೆ ಗುಟ್ಟಾಗಿ ಬೆರಳಷ್ಟು ಬೆರಳಷ್ಟು ತಿಂದವನಿಗೆ ಅದರಿಂದ ತಾನಾಗಿ ಒಡೆತನ ಬಂದುಬಿಡುವುದಿಲ್ಲ. ಒಡೆಯನ ಎದುರಿಗೆ, ತನ್ನದೆಂದು ಸಾರಿ, ಬಹಿರಂಗವಾಗಿ, ಎಡೆಬಿಡದೆ ಅನುಭವಿಸಿದುದನ್ನು ಅವನು ರುಜುಪಡಿಸಬೇಕು. ಇದನ್ನು ಅರಿಯದವನು ಹೆದರಿ ಮೊದಲ ವರ್ಷವೇ ಬಡಿಗೆ ಹಿಡಿಯುತ್ತಾನೆ. ಪಹಣಿಯದೂ ಇದೇ ಕಥೆ. ಜಗಳಕ್ಕೆ ನಿಂತವರು ಇಬ್ಬರೂ ಪಹಣಿಯನ್ನು ಮುಖದ ಮುಂದೆ ಆಡಿಸುತ್ತಾರೆ. 'ಭೂಮಿ' ಯೋಜನೆ ಬಂದ ಮೇಲೆ ಪಹಣಿಯ ಪ್ರತಿ ಸುಲಭವಾಗಿ ದೊರೆಯುತ್ತದೆ, ಸಂತೋಷ. ಆದರೆ ಪಹಣಿಯು ಇಷ್ಟು ಎಕರೆ, ಇಷ್ಟು ಗುಂಟೆ, ಇಂಥವರ ಹೆಸರಿಗೆ ಎಂದು ಹೇಳುತ್ತದೆಯೇ ಹೊರತು ಆ ಗುಂಟೆ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಟಿಪ್ಪಣಿ ಮತ್ತು ನಕ್ಷೆ. ಎಸ್. ಎಸ್. ಎಲ್. ಸಿ. ಮುಗಿಸಿದ ಹುಡುಗನಿಗೆ ಈ ಭೇದ ತಿಳಿದಿಲ್ಲವೆಂದರೆ ನಾವು ಕಲಿಸಿದ ಕ್ಷೇತ್ರಗಣಿತ ಯಾವ ಕ್ಷೇತ್ರದ್ದು?

ಯರೆಭೂಮಿಯ ಗುಣವನ್ನೂ ಹೇಳಬೇಕು. ಬೇಸಗೆಯಲ್ಲಿ ಮೊಣಕಾಲು ಇಳಿಯುವಷ್ಟು ಬಿರಿದು, ಮಳೆಗಾಲದಲ್ಲಿ ಉಬ್ಬುವ ಈ ಮಣ್ಣಿನಲ್ಲಿ ನೆಟ್ಟ ಕಲ್ಲು ನೆಟ್ಟಗೆ ನಿಲ್ಲುವುದು ಕಷ್ಟ, ವಾಲುತ್ತದೆ, ಹೂಳುತ್ತದೆ. ಕಲ್ಲು ಸರಿದಿರುವುದೆಲ್ಲ ನೆರೆಯವನ ಕೈಕೆಲಸವೆಂದು ತಿಳಿಯಬಾರದು. ಮಣ್ಣು ಕೊಚ್ಚಿಹೋಗದಿರಲೆಂದು ಇಳಿಜಾರಿಗೆ ಅಡ್ಡಲಾಗಿ ಹಾಕಿದ ಒಡ್ಡೇ ಬೇರೆ, ಗಡಿಯ ಬದುವೇ ಬೇರೆ. ಒಡ್ಡು ನೀರಿನ ಮಾತು ಕೇಳುತ್ತದೆ, ಸರ್ವೆಯ ಮಾತು ಕೇಳುವುದಿಲ್ಲ. ಎರಡು ತಲೆಮಾರು ಕಳೆದರೆ ಒಡ್ಡನ್ನೇ ಬದುವೆಂದು ನಂಬಿ ಉತ್ತವರುಂಟು. ಈಚೆಗೆ ಬಂದಿರುವ ಉಪಗ್ರಹಾಧಾರಿತ ಅಳತೆಯ ಯಂತ್ರಗಳಿಂದ ಮತ್ತೊಂದು ಪೇಚು. ಅವು ಅಂಗುಲದ ಸೂಕ್ಷ್ಮ ತೋರಿಸುತ್ತವೆ. ಹಳೆಯ ಸರಪಳಿಯ ಒಂದು ಆಣೆಯೇ ಎರಡು ಅಡಿಗಿಂತ ಹೆಚ್ಚು. ಆಣೆಯಲ್ಲಿ ಬರೆದುದನ್ನು ಅಂಗುಲದಲ್ಲಿ ಹುಡುಕಿದರೆ ವ್ಯತ್ಯಾಸ ಕಂಡೇ ಕಾಣುತ್ತದೆ. ಅಷ್ಟಕ್ಕೇ ಮೋಸವಾಯಿತೆಂದು ಹೊಸ ಜಗಳ ಹೂಡುವುದು ಬುದ್ಧಿವಂತಿಕೆಯಲ್ಲ.

ನ್ಯಾಯಾಲಯಕ್ಕೆ ಹೋಗಬಾರದೆಂದು ನಾನು ಹೇಳೆನು. ಬಲವಂತನ ಎದುರು ಬಡವನಿಗೆ ಅದೊಂದೇ ಬಾಗಿಲು. ಸರಕಾರ ನೆಟ್ಟ ಗಡಿಗಲ್ಲನ್ನು ಕಿತ್ತವನಿಗೆ 1860ರ ದಂಡಸಂಹಿತೆ ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸಿತ್ತು; 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಹೊಸ ಸಂಹಿತೆಯಲ್ಲಿಯೂ ಅದು ಅಪರಾಧವೇ. ಆದರೆ ಸಾಮಾನ್ಯವಾಗಿ ನಡೆಯುವುದೇನು? ಅಳತೆಯನ್ನೇ ಮಾಡಿಸದೆ, ತನ್ನ ಹೊಲದಲ್ಲಿ ಕಾಲಿಡದಂತೆ ತಡೆಯಾಜ್ಞೆ ಬೇಕೆಂದು ಒಬ್ಬನು ದಾವೆ ಹೂಡುತ್ತಾನೆ. ಅದು ಗೆರೆಯೇ ಇಲ್ಲದ ಗೆರೆಯನ್ನು ದಾಟದಿರೆಂದು ಕೇಳಿದಂತೆ. ವರ್ಷಗಳು ಉರುಳಿದ ಮೇಲೆ ನ್ಯಾಯಾಲಯವು ಕಮಿಷನರನನ್ನು ನೇಮಿಸಿ ಅಳೆಸುತ್ತದೆ. ಮೊದಲ ದಿನ ಹದ್ದುಬಸ್ತಿನ ಅರ್ಜಿಯಿಂದ ಆಗಬಹುದಾಗಿದ್ದುದು ಎತ್ತು ಮಾರಿ, ಸಾಲಮಾಡಿ, ಸಂಬಂಧ ಮುರಿದ ಮೇಲೆ ಆಗುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಹುಟ್ಟಿಸಿದವನು ಬದುವಿನ ದಾವೆಯವನೇ ಇರಬೇಕೆಂದು ನನಗೆ ಅನುಮಾನ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿಯ ಕಾಟವಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಾದ ವಕೀಲರು ಕಕ್ಷಿದಾರನಿಗೆ ಮೊದಲು ಅಳತೆ, ಆಮೇಲೆ ವಕಾಲತ್ತು ಎಂದು ಹೇಳುವ ಪುಣ್ಯವನ್ನು ಕಟ್ಟಿಕೊಳ್ಳಲಿ. ಅದರಿಂದ ಅವರ ವರಮಾನ ಕಡಿಮೆಯಾದೀತೆಂಬುದನ್ನು ಬಲ್ಲೆ.

ಬದುವಿನ ಮೇಲೆ ಹುಟ್ಟಿದ ಮರವನ್ನು ಕುರಿತು ಕಾತ್ಯಾಯನನ ಒಂದು ನಿರ್ಣಯ ನನಗೆ ಬಹಳ ಹಿಡಿಸಿದೆ: ಗಡಿಯ ನಡುವೆ ಬೆಳೆದುದರ ಹೂವೂ ಹಣ್ಣೂ ಎರಡು ಹೊಲದವರಿಗೂ ಸಮಾನ. ಹುಣಿಸೆಯ ಮರಕ್ಕಾಗಿ ತಲೆ ಒಡೆದುಕೊಂಡವರಿರುವ ಊರುಗಳಲ್ಲಿಯೇ, ವರ್ಷ ಬಿಟ್ಟು ವರ್ಷ ಹಣ್ಣು ಬಡಿದುಕೊಳ್ಳುವ ವಾಡಿಕೆಯ ನೆರೆಯವರೂ ಇದ್ದಾರೆ. ಅಂಥವರ ಹೊಲದಲ್ಲಿ ಬದು ಸೊಂಟದೆತ್ತರ ಬೆಳೆದಿರುವುದನ್ನೂ, ಇಬ್ಬರ ದನಗಳಿಗೂ ಅದರಲ್ಲೇ ಹುಲ್ಲಾಗುವುದನ್ನೂ ನೋಡಿದ್ದೇನೆ. ಜಗಳವಿರುವ ಬದು ಕತ್ತಿಯ ಅಲಗಿನಂತೆ ತೆಳುವಾಗಿರುತ್ತದೆ. ಮೊದಲ ದೊಡ್ಡ ಮಳೆಗೇ ಒಡೆದು ಇಬ್ಬರ ಮೇಲ್ಮಣ್ಣನ್ನೂ ಹಳ್ಳಕ್ಕೆ ಸಾಗಿಸುತ್ತದೆ.

ಈಗ ದಾನಿಗಳಲ್ಲಿ ಒಂದು ವಿಜ್ಞಾಪನೆ. ಭೂದಾನವು ದೊಡ್ಡದು, ಅದನ್ನು ಕಡಿಮೆಯೆಣಿಸುವ ಅವಿವೇಕ ನನ್ನದಲ್ಲ. ಆದರೆ 'ಹಳ್ಳದ ಕಡೆಯ ಎರಡೆಕರೆ ಶ್ರೀಮಠಕ್ಕೆ' ಎಂದು ಬಾಯಿಮಾತಿನಲ್ಲಿ ಬಿಟ್ಟ ದಾನಗಳು ಮೂರನೆಯ ತಲೆಮಾರಿಗೆ ಏನಾಗುತ್ತವೆಂಬುದನ್ನು ವಿದ್ಯಾಸಂಸ್ಥೆಗಳನ್ನು ನಡೆಸುವವರೆಲ್ಲ ಬಲ್ಲರು. ದಾನಿಯ ಮೊಮ್ಮಗನು ಅಜ್ಜನ ಮಾತನ್ನು ಅಲ್ಲಗಳೆಯುವುದಿಲ್ಲ. ಎರಡೆಕರೆ ಎಲ್ಲಿಂದ ಎಂಬಲ್ಲಿ ಮಾತ್ರ ತಕರಾರು ತೆಗೆಯುತ್ತಾನೆ. ಸಂಸ್ಥೆಯು ಉಪಕಾರಿಯ ಮನೆಯವರ ಮೇಲೆ ದಾವೆ ಹೂಡುವುದು ಕೃತಘ್ನತೆಯಾಗುತ್ತದೆ, ಬಿಟ್ಟುಕೊಡುವುದು ಮಕ್ಕಳ ಅನ್ನಕ್ಕೆ ದ್ರೋಹವಾಗುತ್ತದೆ. ಲಿಂಗಮುದ್ರೆಯ ಕಲ್ಲನ್ನು ನೆಟ್ಟ ಕಾಲದವರು ಈ ಇಕ್ಕಟ್ಟನ್ನು ಮುಂಗಂಡಿದ್ದರು. ಈಗ ನಂಬರಿನ ಭಾಗವನ್ನು ಕೊಡುವಾಗ 11ಇ ನಕ್ಷೆ ಬೇಕೆಂಬ ಕಟ್ಟಳೆಯಿರುವುದು ಒಳಿತೇ ಆಯಿತು. ಅದಕ್ಕೂ ಹಿಂದಿನ ದಾನಗಳನ್ನು, ಕೊಟ್ಟ ಹಿರಿಯರು ಇನ್ನೂ ಕಣ್ಣೆದುರಿಗಿರುವಾಗಲೇ ಅಳೆಸಿ, ಪತ್ರ ನೋಂದಾಯಿಸಿ, ಕಲ್ಲು ನೆಡಿಸಿಕೊಳ್ಳಬೇಕು. ಮನೆಯ ಪಾಲಿಗೂ ಇದೇ ಮಾತು: ತಂದೆ ಇರುವಾಗ, ಅಕ್ಕತಂಗಿಯರನ್ನೂ ಕೂಡಿಸಿಕೊಂಡು, ನೆರೆಹೊರೆಯವರ ಎದುರಿಗೆ ಸರಪಳಿ ಹಿಡಿದು ಮಾಡಿದ ಪಾಲಿಗೆ ಪೋಡಿಯಾಗಲಿ. ಅದಕ್ಕೆ ತಗಲುವ ವೆಚ್ಚವು ವರ್ಷಗಟ್ಟಲೆ ನಡೆಯುವ ದಾವೆಯ ವೆಚ್ಚದ ಮುಂದೆ ದೊಡ್ಡದಲ್ಲ.

ಶಿಕ್ಷಕ ಬಂಧುಗಳಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ನಮ್ಮ ಶಾಲೆಗೆ ಸೇರಿದ ಹೊಲದ ಟಿಪ್ಪಣಿಯ ನಕಲನ್ನು ತೆಗೆಸಿ ಗೋಡೆಗೆ ಹಾಕಿಸಬೇಕು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಕ್ಷೇತ್ರಫಲದ ಪಾಠ ಮುಗಿದ ಕೂಡಲೇ, 33 ಅಡಿಯ ಹಗ್ಗಕ್ಕೆ 16 ಗಂಟು ಹಾಕಿಸಿ, ಗಣಿತದ ಉಪಾಧ್ಯಾಯರು ಅವರನ್ನು ಹೊಲಕ್ಕೆ ಕರೆದೊಯ್ಯಲಿ. ಕಲ್ಲುಗಳನ್ನು ಮಕ್ಕಳೇ ಹುಡುಕಲಿ, ಹೂತಿದ್ದರೆ ಅಗೆಯಲಿ. ಪಹಣಿಯ ಭಾಷೆಯನ್ನು ಬಿಡಿಸಿ ಹೇಳಲು ನಾನು ಒಂದು ಅವಧಿಯನ್ನು ಕೊಡಬಲ್ಲೆ. ಖರಾಬು, ಆಕಾರ, ಹಿಸ್ಸಾ, ಪೋಡಿ ಎಂಬ ಮಾತುಗಳು ಯಾವ ಹಳಗನ್ನಡ ಪದ್ಯಕ್ಕೂ ಕಡಿಮೆಯಿಲ್ಲದ ಕಠಿಣಪದಗಳು. ಚೈತ್ರದಲ್ಲಿ, ಪರೀಕ್ಷೆಗಳು ಮುಗಿದ ವಾರದಲ್ಲಿ ಇದನ್ನು ಇಟ್ಟುಕೊಂಡರೆ ಹೊಲಗಳು ಖಾಲಿಯಿರುತ್ತವೆ, ರೈತರಿಗೂ ಬಿಡುವಿರುತ್ತದೆ. ಅಕ್ಕಪಕ್ಕದ ಹೊಲದವರಿಗೆ ಎಂಟು ದಿನ ಮೊದಲೇ ಹೇಳಿಕಳಿಸಿ, ಅವರೂ ಬಂದು ಹಗ್ಗದ ಒಂದು ತುದಿಯನ್ನು ಹಿಡಿಯುವಂತೆ ಕೇಳಿಕೊಳ್ಳಬೇಕು.